ವಿಶ್ವನಾಥ-ಸಾನ್ ಹೆಸರಿಗೆ ಬಂದ ಲಕೋಟೆ

ಇನ್ನೊಬ್ಬರ ಲಕೋಟೆ ಒಡೆಯಬಾರದು ಅಂತ ಸಿಂಧೂರಾಗೆ ಗೊತ್ತಿತ್ತು. ಗೊತ್ತಿದ್ದೂ ಅಡುಗೆಮನೆಯ ಕತ್ತರಿ ತಂದು ಕರಕರ ಕತ್ತರಿಸಿದಳು. ಗಂಡ ಇನ್ನೊಬ್ಬ ಹೇಗಾಗುತ್ತಾನೆ?

ಒಳಗಿದ್ದದ್ದು ಕೊರಳಿಗೆ ಹಾಕುವ ಒಂದು ಬ್ಯಾಡ್ಜು, ಒಂದು ಪತ್ರ. ಬಂದದ್ದು ಅಥೆನ್ಸಿನ ಒಂದು ಪ್ರವಾಸ ಸಂಸ್ಥೆಯಿಂದ.

‘ಪ್ರೀತಿಯ ವಿಶ್ವನಾಥ, ಹೋದ ವರ್ಷ ಗ್ರೀಸಿನ ಮಠಗಳಿಗೆ, ದ್ವೀಪಗಳಿಗೆ ಬರಲಾಗಲಿಲ್ಲ ಎಂದು ಬೇಸರಪಟ್ಟಿರಿ. ಈ ಸಲ ನಾವೇ ಜಪಾನಿಗೆ ಬರುತ್ತಿದ್ದೇವೆ. ಕೋಯಾ ಬೆಟ್ಟದ ಮಠಗಳು, ಪಾಳುಬಿದ್ದ ಕೋಟೆಗಳು, ಒಳಸಮುದ್ರದ ದ್ವೀಪಗಳು. ಹತ್ತು ದಿನ, ಎಂಟೇ ಜನ, ಎಲ್ಲರೂ ಗೇ ಪುರುಷರು. ಶುಕ್ರವಾರ ಒಸಾಕಾದಲ್ಲಿ ಸಿಗೋಣ. ನೀವು ಕೇಳಿದಂತೆ ನಿಮ್ಮ ಊಟಕ್ಕೆ ಬೆಳ್ಳುಳ್ಳಿ ಹಾಕಿಸುವುದಿಲ್ಲ.’

ಸಿಂಧೂರಾ ಲಕೋಟೆ ತಿರುಗಿಸಿ ಮೇಲಿನ ಹೆಸರನ್ನು ಮತ್ತೊಮ್ಮೆ ಓದಿದಳು.

ಈ ದೇಶದಲ್ಲಿ ಗಂಡನ ಪ್ರಣವ್ ಅನ್ನುವ ಹೆಸರು ಬದುಕಿದ್ದದ್ದು ಈ ಫ್ಲ್ಯಾಟಿನ ನಾಲ್ಕು ಗೋಡೆಯೊಳಗೆ ಮಾತ್ರ. ಜಪಾನಿಗೆ ಬೇಕಾದ್ದು ಪಾಸ್‌ಪೋರ್ಟಿನ ಕೊನೆಯ ಹೆಸರು. ಆಫೀಸಿನಲ್ಲಿ, ಬ್ಯಾಂಕಿನಲ್ಲಿ, ಹಲ್ಲಿನ ಡಾಕ್ಟರ ಹತ್ತಿರ ಎಲ್ಲ ಕಡೆ ಅವನು ವಿಶ್ವನಾಥ-ಸಾನ್, ಅಂದರೆ ವಿಶ್ವನಾಥ ಅವರು. ಕೆಳಗಿನ ಅಂಚೆಪೆಟ್ಟಿಗೆಯ ಮೇಲೂ ಅದೇ. ಒಂಬತ್ತು ವರ್ಷದಿಂದ ಹಾಗೇ ನಡೆದಿತ್ತು.

ಶುಕ್ರವಾರ ಒಸಾಕಾ! ಆಫೀಸ್ ಮೀಟಿಂಗ್ ಅಂದಿದ್ದನಲ್ಲ ಮಹಾರಾಯ!

ಟ್ಯಾಬ್ಲೆಟ್ ತೆಗೆದು ರೈಲಿನ ಬುಕಿಂಗ್ ನೋಡಿದಳು. ಶುಕ್ರವಾರ ಬೆಳಿಗ್ಗೆ, ಶಿನ್-ಒಸಾಕಾ ಸ್ಟೇಷನ್ನಿಗೆ, ಅಕ್ಕಪಕ್ಕದ ಎರಡು ಸೀಟು. ಎರಡು! ಆಮೇಲೆ ಬಾಗಿಲ ಬಳಿಯ ಶೂ ಕಪಾಟು ತೆರೆದಳು. ಮೇಲಿನ ಹಲಗೆಯಲ್ಲಿ ಒಂದು ಜೊತೆ ಹೊಸ ವಾಕಿಂಗ್ ಶೂ, ಕಾಗದ ತುಂಬಿಕೊಂಡು ಕೂತಿತ್ತು. ಹೋದ ವಾರ ಕೇಳಿದಾಗ ‘ಸೇಲ್‌ನಲ್ಲಿತ್ತು’ ಅಂದಿದ್ದ. ಸೇಲಂತೆ ಸೇಲು.

ಮಾವನೂ ಅದೇ ದಿನ ಫುಕುವೋಕಾಕ್ಕೆ ಹೊರಡುವವರಿದ್ದರು, ಯಾರೋ ಹಳೆಯ ಗೆಳೆಯನ ಮಗಳ ಮನೆಗೆ. ಮೈಸೂರಿನಲ್ಲಿ ಲೈಬ್ರೇರಿಯನ್ ಆಗಿ ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ಮೂರು ತಿಂಗಳ ಮಟ್ಟಿಗೆ ಮಗನ ಮನೆಗೆ ಬಂದಿದ್ದರು. ‘ಅಪ್ಪನ್ನ ಏರ್‌ಪೋರ್ಟಿಗೆ ಬಿಟ್ಟು ಹಾಗೇ ಹೋಗ್ತೀನಿ’ ಅಂದಿದ್ದ ಪ್ರಣವ್. ಅಪ್ಪನನ್ನು ಸಾಗಹಾಕಿ ಇವನು ಮೆರೆಯುವುದು. ಎಂಥಾ ಪ್ಲಾನು!

ಅಂದು ಸಂಜೆ ನೋಡೇ ಬಿಡೋಣ ಅಂತ ಸಾರಿಗೆ ಹನ್ನೆರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿದಳು. ಪ್ರಣವ್ ಎರಡು ಸಲ ಬಡಿಸಿಕೊಂಡ.

‘ಸೂಪರ್ ಕಣೇ! ಏನಿವತ್ತು ಸ್ಪೆಷಲ್?’

ಮನೆಯಲ್ಲೊಂದು ನಾಲಿಗೆ, ಆ ಪ್ರವಾಸದವರ ಜೊತೆ ಇನ್ನೊಂದು. ಸಿಂಧೂರಾಗೆ ತಟ್ಟೆ ಎತ್ತಿ ಎಸೆಯುವಷ್ಟು ಸಿಟ್ಟು ಬಂತು. ಮಾವ ಮೊಸರನ್ನದಲ್ಲೇ ಊಟ ಮುಗಿಸಿ ಎದ್ದರು.

ಮರುದಿನ ಗುರುವಾರ. ಗಂಡ ಆಫೀಸಿಗೆ ಹೋದದ್ದೇ ತಡ, ಲಕೋಟೆಯನ್ನು ಮಾವನ ಮುಂದಿಟ್ಟಳು.

‘ನೋಡಿ ಮಾವ. ನಿಮ್ಮ ಮಗನ ಘನಕಾರ್ಯ.’

ಮಾವ ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಪಾಪ, ಈ ವಯಸ್ಸಿನಲ್ಲಿ ಇವರಿಗೆ ಇದನ್ನು ತೋರಿಸಬಾರದಿತ್ತು ಅನ್ನಿಸಿತು ಅವಳಿಗೆ. ಆದರೆ ಬಾಯಿ ನಿಲ್ಲಲಿಲ್ಲ.

‘ಅಂಥವರಿಗೆ ಮದುವೆ ಯಾಕೆ ಬೇಕಿತ್ತು ಮಾವ? ಒಂದು ಹೆಂಗಸಿನ ಬಾಳು ಹಾಳು ಮಾಡೋಕಾ?’

‘ಹೇಳೋ ಧೈರ್ಯ ಎಲ್ಲರಿಗೂ ಇರಲ್ಲ ಕಣಮ್ಮ,’ ಅಂದರು ಮಾವ, ಕನ್ನಡಕ ತೆಗೆದು.

‘ಹಾಗಾದ್ರೆ ನಿಮ್ಮ ಮಗ ಹೇಡಿ!’

‘ಪ್ರಣವ್ ಹೇಡಿಯಲ್ಲ.’

‘ಸುಮ್ನೆ ಪರ ವಹಿಸಬೇಡಿ. ನಾಳೆ ಹೋಗಲಿ, ಧಾರಾಳವಾಗಿ ಹೋಗಲಿ. ಆದ್ರೆ ಅಂಥ ಮನುಷ್ಯ ವಾಪಸ್ ಈ ಮನೆಗೆ ಬರೋದು ಬೇಡ. ನನಗೆ ಮುಖ ನೋಡೋಕಾಗಲ್ಲ!’

ಮಾವ ಪತ್ರವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ಅವಳಿಗೆ ಕೊಟ್ಟರು. ಅಂದು ಮಧ್ಯಾಹ್ನ ಊಟ ಬೇಡ ಅಂದರು. ಕೋಣೆಯಲ್ಲಿ ಬಟ್ಟೆ ಜೋಡಿಸುವ ಸದ್ದು ಕೇಳುತ್ತಿತ್ತು. ತಂದಿದ್ದ ಎರಡೂ ಸೂಟ್‌ಕೇಸಿಗೆ ತುಂಬುತ್ತಿದ್ದರು. ಮಗನಿಂದಾದ ನಾಚಿಕೆಗೆ ಇವರು ಊರಿಗೇ ಹೊರಟುಬಿಡುತ್ತಾರೇನೋ ಅಂತ ಸಿಂಧೂರಾ ಅತ್ತಳು. ಅಷ್ಟು ಒಳ್ಳೆಯ ಮನುಷ್ಯ. ಬೆಳಿಗ್ಗೆ ಅವಳಿಗಿಂತ ಮುಂಚೆ ಎದ್ದು ಕಾಫಿ ಇಳಿಸಿಡುವವರು.

ಶುಕ್ರವಾರ ಏಳು ಗಂಟೆಗೆ ಪ್ರಣವ್ ಬ್ಯಾಗು ಹೆಗಲಿಗೇರಿಸಿದ.

‘ಅಪ್ಪ, ಟೈಮಾಯ್ತು!’

ಸಿಂಧೂರಾ ಬಾಗಿಲಿಗೆ ಅಡ್ಡ ನಿಂತಳು. ಬ್ಯಾಡ್ಜನ್ನು ಅವನ ಎದೆಗೆ ಎಸೆದಳು. ಅದು ಬಡಿದು ಕೆಳಗೆ ಬಿತ್ತು.

‘ಇದನ್ನ ಮರೆತ್ಯಲ್ಲ, ವಿಶ್ವನಾಥ-ಸಾನ್! ಅಲ್ಲಿ ಎಲ್ಲರೂ ಕಾಯ್ತಿರ್ತಾರೆ.’

ಪ್ರಣವ್ ಬ್ಯಾಡ್ಜು ನೋಡಿದ. ‘ಸಿಂಧೂ, ಪ್ಲೀಸ್, ಈಗ ಬೇಡ,’ ಅಂದ.

‘ಈಗಲೇ ಬೇಕು! ಇದು ನಿಂದಲ್ಲ ಅಂತ ಹೇಳು ನೋಡೋಣ!’

ಅವನು ಅವಳನ್ನು ನೋಡಲಿಲ್ಲ. ತಿರುಗಿ ಅಪ್ಪನ ಕೋಣೆಯ ಕಡೆ ನೋಡಿದ.

ಮಾವ ಬಂದರು. ಅವಳ ಪಕ್ಕದಿಂದ ಸರಿದು ಹೋಗಿ ಶೂ ಕಪಾಟು ತೆರೆದರು. ಹೊಸ ಶೂ ತೆಗೆದು ಒಳಗಿನ ಕಾಗದ ಎಳೆದು, ಬಾಗಿಲೊಳಗಿನ ಮೆಟ್ಟಿಲ ಮೇಲೆ ಕೂತು ಒಂದೊಂದಾಗಿ ಕಾಲಿಗೇರಿಸಿದರು. ಸರಿಯಾಗಿ ಕೂತವು. ಆಮೇಲೆ ಮೊಣಕಾಲು ಹಿಡಿದುಕೊಂಡು ಬಗ್ಗಿ, ಬಿದ್ದಿದ್ದ ಬ್ಯಾಡ್ಜನ್ನು ಎತ್ತಿಕೊಂಡರು.

‘ಅವನು ವಿಶ್ವನಾಥನ ಮಗ, ವಿಶ್ವನಾಥ ನಾನು ಕಣಮ್ಮ,’ ಅಂದರು. ‘ವಾಪಸ್ ಬರೋದು ಬೇಡ ಅಂದೆ ನಿನ್ನೆ. ಬರಲಾ, ಬೇಡವಾ?’