ಟ್ಯಾಂಕಿನೊಳಗಿನ ಗುಂಡು

"ಫ್ಯೂಯೆಲ್‌ಗೆ ನೀರು ಬೆರೆಸಿ ಮಾರ್ತೀರೇನ್ರೀ? ಡಬ್ಬದ ಅಳತೇಲೂ ಮೋಸ, ತಗೊಂಡ್ ಹೋದ ವಾರಕ್ಕೇ ಖಾಲಿ!"

ಅವನು ರಿಮೋಟಿನಲ್ಲಿ ಹಾರಿಸುವ ಮಾಡೆಲ್ ಹೆಲಿಕಾಪ್ಟರನ್ನು ಅಂಗಡಿಯ ಕೌಂಟರಿನ ಮೇಲೆ ಕುಕ್ಕಿದ. ಟ್ಯಾಂಕ್ ಅರ್ಧಕ್ಕಿಳಿಯುವುದೇ ತಡ, ಅದರ ಇಂಜಿನ್ ಗೊರಗೊರ ಎಂದು ನಿಂತುಬಿಡುತ್ತಿತ್ತು. ಹೆಂಡತಿ ಹಿಂದೆ ನಿಂತಿದ್ದಳು. ಅದರ ಸದ್ದು ಕೇಳಿದರೆ ಸಾಕು, ಗೊಣಗುತ್ತ ಕಿಟಕಿ ಮುಚ್ಚುವವಳು. ಇವತ್ತು ಯಾಕೋ ತಾನೂ ಬರುತ್ತೇನೆಂದು ಸ್ಕೂಟರ್ ಹತ್ತಿದ್ದಳು.

ಅಂಗಡಿಯವನೂ ಸುಮ್ಮನಿರುವ ಆಸಾಮಿಯಲ್ಲ. "ಬಾಯಿಗೆ ಬಂದಂಗೆ ಮಾತಾಡ್ಬೇಡಿ!" ಎನ್ನುತ್ತ ಟ್ಯಾಂಕ್ ಬಿಚ್ಚಿ ಬೆಳಕಿಗೆ ಹಿಡಿದ. "ನೋಡ್ರೀ ಇಲ್ಲಿ. ಫ್ಯೂಯೆಲ್ ಹೀರೋ ಪೈಪು ಮಡಚ್ಕೊಂಡಿದೆ. ತಳದಲ್ಲಿ ಇರಬೇಕಾದ ಅದರ ತುದಿಯ ತೂಕದ ಗುಂಡು ಮುಂದಕ್ಕೆ ಹೋಗಿ ಮೇಲೆ ಸಿಕ್ಕಾಕೊಂಡಿದೆ. ಫ್ಯೂಯೆಲ್ ಕೆಳಗಿದ್ರೆ ಇದು ಗಾಳಿ ಕುಡೀತಿದೆ. ಆಕಾಶದಿಂದ ಮೂಗು ಕೆಳಗೆ ಮಾಡಿ ಧುಮುಕಿಸಿದ್ರೆ ಹಿಂಗಾಗೋದು. ಸರ್ಕಸ್ ಮಾಡೋರು ನೀವು, ಬೈಸ್ಕೊಳ್ಳೋನು ನಾನಾ?"

ಅವನಿಗೆ ಮೈಯೆಲ್ಲ ಉರಿದುಹೋಯಿತು. "ಸರ್ಕಸ್ಸಾ? ಕೊಂಡಾಗಿನಿಂದ ನಾನಿದನ್ನ ಸೊಂಟದೆತ್ತರ ದಾಟಿಸಿಲ್ಲ ಕಣ್ರೀ! ಬೇಕಾದ್ರೆ ಇವಳನ್ನೇ ಕೇಳಿ!"

ಅಂಗಡಿಯವನು ಅವಳತ್ತ ತಿರುಗಿದ.

"ಹೌದು, ಇವರು ದಾಟಿಸಿಲ್ಲ," ಎಂದಳು ಹೆಂಡತಿ. "ಧುಮುಕಿಸೋದೇನೋ ಸಲೀಸು. ವಾಪಸ್ ಮೇಲಕ್ಕೆ ಎತ್ತೋವಾಗ್ಲೇ ಈ ದರಿದ್ರದ್ದು ಕೈಕೊಡೋದು. ಇವತ್ತೇ ಸರಿ ಮಾಡ್ಕೊಡಿ ಅಣ್ಣ, ನಾಳೆ ಇವರಿಗೆ ಆಫೀಸಿದೆ."