ಎರಡನೇ ಸಲ ಕೇಳಿದಾಗ

ಮೊದಲು ಮೇಷ್ಟರಾಗಿದ್ದವರು ಆಮೇಲೆ ವಕೀಲರಾದರು. ಒಂದು ಕೊಲೆ ಕೇಸು ಗೆದ್ದ ಮೇಲೆ ಕರಿಕೋಟನ್ನೂ ಕಳಚಿಟ್ಟು, ಈಗ ಬಡಾವಣೆಯ ಹುಡುಗ ಹುಡುಗಿಯರಿಗೆ ಸಂಜೆ ಚರ್ಚಾಕೂಟ ನಡೆಸುತ್ತಿದ್ದರು.

"ತಪ್ಪಾದ್ರೂ ಪರವಾಗಿಲ್ಲ, ಕೈ ಎತ್ತಿ ಮಾತಾಡಿ" ಎಂದು ದಿನಾ ಹೇಳುತ್ತಿದ್ದರು. ಹೊಸದಾಗಿ ಸೇರಿದ್ದ ಒಬ್ಬಳು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಕೂಟ ಮುಗಿದ ಮೇಲೆ ಅವಳನ್ನು ಕರೆದು ಕೇಳಿದರು.

"ಯಾಕಮ್ಮಾ, ಭಯಾನಾ?"

"ನನ್ನ ಗುರುತು ಸಿಗಲಿಲ್ವಾ ಸಾರ್? ಮೂರನೇ ಕ್ಲಾಸಲ್ಲಿ ನಿಮ್ಮ ಹತ್ರಾನೇ ಓದಿದ್ದು. ಆಮೇಲೆ ಕೋರ್ಟಲ್ಲಿ ಕೇಳಿದ್ರಲ್ಲ, ಅಮ್ಮನ್ನ ಬಾವಿಗೆ ನೂಕಿದ್ದು ಯಾರು ಅಂತ."

"ನೀನು ಗೊತ್ತಿಲ್ಲ ಅಂದೆ."

"ಮೊದಲು ಹೆಸರು ಹೇಳಿದ್ದೆ ಸಾರ್. ನೀವು ಎರಡನೇ ಸಲ ಕೇಳಿದ್ರಿ. ಕ್ಲಾಸಲ್ಲಿ ಉತ್ತರ ತಪ್ಪಿದ್ರೆ ತಾನೇ ನೀವು ಇನ್ನೊಂದು ಸಲ ಕೇಳ್ತಿದ್ದಿದ್ದು?"

ಅವಳು ಚೀಲ ಹೆಗಲಿಗೇರಿಸಿಕೊಂಡಳು.

"ಬರ್ತೀನಿ ಸಾರ್. ಅಪ್ಪ ಕಾಯ್ತಿದ್ದಾರೆ."

ಗೇಟಿನ ಹತ್ತಿರ ನಿಂತಿದ್ದ ಅವಳಪ್ಪ, ತನ್ನನ್ನು ಜೈಲಿನಿಂದ ಬಿಡಿಸಿದ್ದ ವಕೀಲರನ್ನು ಕಂಡು, ಎರಡೂ ಕೈ ಎತ್ತಿ ಮುಗಿದ.