ಹನ್ನೆರಡು ಹೆಸರು

ಕೆಂಚಯ್ಯ ಸತ್ತು ನಾಲ್ಕು ವರ್ಷವಾಗಿತ್ತು. ನಿನ್ನೆ ಅವನು ಮೂರನೇ ಬ್ಲಾಕಿನಲ್ಲಿ ದಿನವಿಡೀ ಕಳೆ ತೆಗೆದಿದ್ದ.

ರಕ್ಷಾ ಕಣ್ಣುಜ್ಜಿಕೊಂಡು ಕಂಪ್ಯೂಟರಿನ ಪರದೆಯನ್ನು ಮತ್ತೊಮ್ಮೆ ನೋಡಿದಳು. ತಪ್ಪೇನೂ ಇರಲಿಲ್ಲ. ಒಂದು ಪಟ್ಟಿ ಚೆಕ್‌ರೋಲಿನದು, ಅಂದರೆ ತೋಟದ ಆಳುಗಳ ಹಾಜರಿ. ಇನ್ನೊಂದು ಸೌದೆ ಪುಸ್ತಕದ್ದು. ಆಳು ಯಾರೇ ತೀರಿಕೊಂಡರೂ ಸುಡುವುದಕ್ಕೆ ತೋಟದಿಂದಲೇ ಸೌದೆ ಕೊಡುವುದು ಬಾಳೂರಿನ ಈ ಎಸ್ಟೇಟಿನಲ್ಲಿ ಹಿಂದಿನಿಂದ ಬಂದ ಪದ್ಧತಿ. ಸತ್ತವರ ಹೆಸರು, ಚೆಕ್‌ರೋಲಿನ ನಂಬರು, ತಾರೀಕು ಎಲ್ಲವೂ ಆ ಪುಸ್ತಕದಲ್ಲಿದ್ದವು. ಎರಡು ಪಟ್ಟಿಗಳನ್ನೂ ನಂಬರಿನ ಪ್ರಕಾರ ಹೊಂದಿಸಿದಾಗ ಹನ್ನೆರಡು ಹೆಸರು ಎರಡೂ ಕಡೆ ಬಂದವು. ಸೌದೆಯನ್ನೂ ಪಡೆದು ಕೆಲಸಕ್ಕೂ ಬರುವ ಹನ್ನೆರಡು ಜನ!

ಚಿಕ್ಕಮಗಳೂರಿನಲ್ಲಿ ಆರು ತಿಂಗಳು ಅವಳು ಕಲಿತದ್ದು ಇದನ್ನೇ. 'ಡೇಟಾಬೇಸ್, ಪ್ರಥಮ ಹಂತ' ಎಂಬ ಸರ್ಟಿಫಿಕೇಟಿಗೆ ಬಂಗಾರದ ಬಣ್ಣದ ಮೊಹರು ಬೇರೆ. ಅದನ್ನು ಹಿಡಿದು ಎರಡು ವರ್ಷದಲ್ಲಿ ಒಂಬತ್ತು ಕಡೆ ಹೋಗಿದ್ದಳು. ಒಂಬತ್ತೂ ಕಡೆ ಅನುಭವ ಎಷ್ಟು ಎಂದು ಕೇಳಿದರು. ಕೆಲಸ ಕೊಡದೆ ಅನುಭವ ಕೇಳುವವರಿಗೆ ಏನು ಹೇಳಬೇಕೆಂದು ಕೋರ್ಸಿನಲ್ಲಿ ಕಲಿಸಿರಲಿಲ್ಲ.

ಕೊನೆಗೆ ಕರೆದು ಕೂರಿಸಿದವರು ಈ ತೋಟದ ಲೆಕ್ಕ ಬರೆಯುವ ರೈಟರ್ ಸುಬ್ಬಯ್ಯ. ಅದು 2002. ಕಾಫಿಗೆ ಬೆಲೆಯೇ ಇರಲಿಲ್ಲ. ಇರುವ ಆಳುಗಳನ್ನೇ ಕಡಿಮೆ ಮಾಡಿ ಎನ್ನುತ್ತಿದ್ದ ಹೆಡ್ ಆಫೀಸು, ಒಂದು ಕಂಪ್ಯೂಟರ್ ಮಾತ್ರ ಕಳಿಸಿ, ತಿಂಗಳೊಳಗೆ ಚೆಕ್‌ರೋಲ್ ಪೂರ್ತಿ ಅದರಲ್ಲಿರಬೇಕು ಎಂದಿತ್ತು. ಅದನ್ನು ಯಾರು ಒತ್ತಬೇಕೆಂದು ಹೇಳಿರಲಿಲ್ಲ.

"ಒಂದು ತಿಂಗಳು ಮಾಡು, ಆಮೇಲೆ ನೋಡುವ" ಎಂದಿದ್ದರು ಸುಬ್ಬಯ್ಯ. ಮೊದಲ ದಿನ ರಕ್ಷಾ ಸಹಿಗೆಂದು ಪೆನ್ನು ತೆಗೆದರೆ ಅವರು ಇಂಕ್ ಪ್ಯಾಡು ಮುಂದೆ ತಳ್ಳಿದರು. "ಸಹಿ ಬೇಡ ಮಾರಾಯ್ತಿ, ಹೆಬ್ಬೆಟ್ಟು ಒತ್ತು."

ಡಿಗ್ರಿ ಮಾಡಿದವಳಿಗೆ ಹೆಬ್ಬೆಟ್ಟು! ಅವಮಾನ ನುಂಗಿಕೊಂಡು ಒತ್ತಿದ್ದಳು. ಈ ಕೆಲಸವೂ ತಪ್ಪಿದರೆ ನಾಳೆಯಿಂದ ಅಮ್ಮ ತುಂಗಮ್ಮನ ಜೊತೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬಣಕಲ್ಲಿನಲ್ಲಿ ಯಾರದೋ ತೋಟದ ಕಳೆ ಕೀಳುವುದೇ ಗತಿ. ಅಮ್ಮ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಎರಡನೇ ಕೊಪ್ಪೆ ಮಾತ್ರ ತಂದಿಟ್ಟಿದ್ದಳು.

"ಸುಬ್ಬಯ್ಯನವ್ರೇ, ಕೆಂಚಯ್ಯ ತೀರಿಹೋಗಿದಾರಲ್ವಾ?"

"ಹೌದು. ಒಳ್ಳೆ ಮನುಷ್ಯ."

"ನಿನ್ನೆ ಕೆಲಸಕ್ಕೆ ಬಂದಿದಾರೆ."

ಸುಬ್ಬಯ್ಯ ಬರೆಯುವುದನ್ನು ನಿಲ್ಲಿಸಿದರು. "ತೋಟದಲ್ಲಿ ಸತ್ತವರ ಹೆಸರೂ ಕೆಲಸ ಮಾಡ್ತದೆ ಮಗಾ. ಚೆಕ್‌ರೋಲಲ್ಲಿ ಇದ್ದದ್ದನ್ನ ಇದ್ದ ಹಾಗೇ ಹೊಡಿ. ಆ ಸೌದೆ ಪುಸ್ತಕ ಎಲ್ಲಿತ್ತೋ ಅಲ್ಲೇ ಇಡು."

ಎಷ್ಟು ಧೈರ್ಯ ಈ ಮುದುಕನಿಗೆ! ಕಳ್ಳತನವನ್ನು ಮುಖಕ್ಕೆ ಹೇಳಿ ಮತ್ತೆ ಬರೆಯಲು ಕೂತುಬಿಟ್ಟರಲ್ಲ ಎಂದು ಅವಳಿಗೆ ಮೈ ಉರಿಯಿತು. ಕೊನೆಯ ಹೆಸರಂತೂ ಅವರನ್ನು ಸಿಕ್ಕಿಸಿಹಾಕಲು ಸಾಕಿತ್ತು. ತಿಮ್ಮಮ್ಮ, ನಂಬರು ಇನ್ನೂರ ಹದಿನಾಲ್ಕು. ಹೋದ ವರ್ಷ ಸತ್ತಿದ್ದಳು. ಒಂದು ವರ್ಷ ಹಾಜರಿ ಖಾಲಿ. ಈ ತಿಂಗಳ ಮೂರರಿಂದ ಇದ್ದಕ್ಕಿದ್ದಂತೆ ಎದ್ದು ಬಂದು ಒಂದು ದಿನವೂ ತಪ್ಪಿಸಿರಲಿಲ್ಲ. ಗಾಳಿಗೆ ಮರಗಳು ಉರುಳಿ ಆಳುಗಳಿಗೆಲ್ಲ ರಜೆ ಕೊಟ್ಟ ದಿನವೂ ತಿಮ್ಮಮ್ಮ ಹಾಜರು! ಅವತ್ತು ಇಡೀ ತೋಟದಲ್ಲಿ ಕೆಲಸ ಮಾಡಿದ್ದು ಆಫೀಸಿನ ಇವರಿಬ್ಬರೇ. ಹಾಗಾದರೆ ತಿಮ್ಮಮ್ಮನನ್ನು ಕಂಡವರು ಯಾರು?

ಸುಬ್ಬಯ್ಯ ಊಟಕ್ಕೆ ಹೋದಾಗ ಹನ್ನೆರಡು ಹೆಸರನ್ನೂ ಫ್ಲಾಪಿಗೆ ಹಾಕಿದಳು. ಜೊತೆಗೆ ಒಂದು ಕಾಗದ. ಕಳ್ಳತನ ಹೇಗೆ ಪತ್ತೆಯಾಯಿತೆಂದು ವಿವರಿಸಿ, ಕೆಳಗೆ ಸಹಿ ಮಾಡಿ, ಸರ್ಟಿಫಿಕೇಟಿನ ನಂಬರನ್ನೂ ಬರೆದಳು. ಇನ್ನಾದರೂ ಯಾರೂ ಅನುಭವ ಕೇಳಲಾರರು. ಚಿಕ್ಕಮಗಳೂರಿಗೆ ಹೊರಟಿದ್ದ ಜೀಪ್ ಡ್ರೈವರ್ ಲಕ್ಕಯ್ಯನ ಕೈಗೆ ಕೊಟ್ಟು, "ಹೆಡ್ ಆಫೀಸಿನವರಿಗೇ ಕೊಡಿ ಲಕ್ಕಯ್ಯಣ್ಣ, ರೈಟರಿಗೆ ಹೇಳ್ಬೇಡಿ" ಎಂದಳು.

ಐದನೇ ದಿನ ಬೆಳಿಗ್ಗೆ ಬಸ್ಸಿಳಿದು ಬಂದಾಗ ಆಫೀಸಿನ ಜಗಲಿಯ ಮುಂದೆ ಜನ ನಿಂತಿದ್ದರು. ಸುಬ್ಬಯ್ಯನವರ ಕೈಯಲ್ಲಿ ಆ ಹನ್ನೆರಡು ಹೆಸರನ್ನೂ ಚೆಕ್‌ರೋಲಿನಿಂದ ತೆಗೆಯಬೇಕೆಂಬ ಹೆಡ್ ಆಫೀಸಿನ ಕಾಗದವಿತ್ತು. ಅವರು ಒಂದೊಂದೇ ಹೆಸರು ಓದುತ್ತಿದ್ದರು.

"ಕೆಂಚಯ್ಯ." ಮೂವತ್ತು ವರ್ಷದ ಒಬ್ಬ ತಲೆ ತಗ್ಗಿಸಿ ಮುಂದೆ ಬಂದ.

"ಯಲ್ಲಮ್ಮ." ಬಸುರಿ ಹೆಂಗಸೊಬ್ಬಳು ತೋಟದಿಂದ ಕೊಟ್ಟಿದ್ದ ಕತ್ತಿಯನ್ನು ಜಗಲಿಯ ಮೇಲಿಟ್ಟಳು.

ಓದು ಮುಗಿಯಿತು. ಬಂದವರೆಲ್ಲ ಕತ್ತಿ ಒಪ್ಪಿಸಿ ಆಳುಗಳ ಲೈನ್‌ಮನೆಗಳ ಕಡೆ ನಡೆದರು. ಯಾರೂ ಜಗಳವಾಡಲಿಲ್ಲ, ಅದನ್ನೇ ರಕ್ಷಾಳಿಗೆ ಸಹಿಸಲಾಗಲಿಲ್ಲ.

"ಇವರೆಲ್ಲ ಯಾರು ಸುಬ್ಬಯ್ಯನವ್ರೇ?"

"ಮಕ್ಕಳು, ಸೊಸೆಯಂದಿರು. ಹೊಸ ಹೆಸರು ಬರೀಲಿಕ್ಕೆ ಹೆಡ್ ಆಫೀಸಿನವರು ಬಿಡದೆ ಆರು ವರ್ಷ ಆಯ್ತು. ಕೆಲಸ ಇವರದ್ದೇ, ಹೆಸರು ಮಾತ್ರ ಸತ್ತವರದ್ದು. ನಾನು ಒಂದು ದಿನದ ಕೂಲಿನೂ ಮುಟ್ಟಿಲ್ಲ."

"ನಂಗೆ ಗೊತ್ತಿರ್ಲಿಲ್ಲ..." ಅವಳು ಅಳತೊಡಗಿದಳು. ಹನ್ನೊಂದು ಮನೆಯ ಅನ್ನ ಅವಳ ಕೈಯಿಂದಲೇ ಹೋಗಿತ್ತು. ಹನ್ನೊಂದು? ಹೌದು, ಮುಂದೆ ಬಂದವರು ಹನ್ನೊಂದೇ ಜನ.

"ತಿಮ್ಮಮ್ಮನ ಮನೆಯವರು ಬಂದಿಲ್ವಾ?"

ಸುಬ್ಬಯ್ಯ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು.

"ತಿಮ್ಮಮ್ಮನಿಗೆ ಯಾರೂ ಇರ್ಲಿಲ್ಲ ಮಗಾ, ಆ ಹೆಸರಿಗೆ ನಾನು ಹಾಕಿದ್ದು ನಿನ್ನನ್ನೇ."